ಕೊನೆಗೆ ಉಳಿಸಿದ ಕಣ್ಣು

ಅರ್ಧಕ್ಕೆ ನಿಂತ ವಸ್ತು ಕಂಡರೆ ಕುಮಾರಸ್ವಾಮಿಯವರಿಗೆ ಮೈಮೇಲೆ ಇರುವೆ ಹರಿದಂತಾಗುತ್ತಿತ್ತು. ಹಿಡಿಕೆ ಕಳಚಿದ ಪಾತೇಲಿ, ಕಡ್ಡಿ ಮುರಿದ ಛತ್ರಿ, ನಿಂತುಹೋದ ಗಡಿಯಾರ, ಯಾವುದೂ ಅವರ ಕಣ್ಣಿಗೆ ಬಿದ್ದ ಮೇಲೆ ಎರಡು ದಿನ ಹಾಗೆಯೇ ಇರುವಂತಿರಲಿಲ್ಲ. ನೀರಾವರಿ ಇಲಾಖೆಯಿಂದ ನಿವೃತ್ತರಾಗಿ ಎರಡು ವರ್ಷವಾಗಿತ್ತು. ಇಂಥದ್ದೊಂದನ್ನು ಕೈಚೀಲಕ್ಕೆ ಹಾಕಿಕೊಂಡು ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸು ಹತ್ತುವುದೇ ಅವರ ಈಗಿನ ನೌಕರಿ. ಸಂಜೆ ತಿರುಗಿ ಬಂದು, "ನೋಡು, ಹೊಸಾದರಂಗ ಆತು," ಎಂದು ಹೆಂಡತಿಯ ಮುಂದೆ ಇಡುವಾಗ ಮುಖದಲ್ಲಿ ಮದುಮಗನ ಕಳೆ ಇರುತ್ತಿತ್ತು. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ, ಯಾಕೆಂದರೆ ಮುಂದೆ ಅವರ ಮೇಲೆ ಸಿಟ್ಟು ಬರುವ ಸಂಭವವಿದೆ.

ಹಾಗಾಗಿ ಏಪ್ರಿಲ್‌ನ ಒಂದು ಮುಂಜಾನೆ ಹೆಂಡತಿ ದಾಕ್ಷಾಯಿಣಿ ಬಚ್ಚಲಿನಿಂದ ಹೊರಗೆ ಬಂದು, "ಗ್ವಾಡಿ ಉಬ್ಬಿ ಬಂದೈತ್ರಿ, ಟೈಲ್ಸ್ ಗೆರಿ ಎಲ್ಲಾ ಸೊಟ್ಟ ಆಗ್ಯಾವ," ಎಂದಾಗ ಅವರು ಮರುದಿನವೇ ಗೌಂಡಿಯನ್ನು ಕರೆತಂದರು. ಗೌಂಡಿ ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು ನಾಲ್ಕೂ ಕಡೆ ನೋಡಿದ.

"ಗ್ವಾಡಿ ನೆಟ್ಟಗ ಐತ್ರಿ ಸಾಹೇಬ್ರ. ಕೂದಲೆಳಿಯಷ್ಟೂ ಫರಕಿಲ್ಲ."

"ಇಲ್ಲಿ ನೋಡಪಾ," ದಾಕ್ಷಾಯಿಣಿ ಬೆರಳಿಟ್ಟು ತೋರಿಸಿದಳು. "ನಡಬರಕ ಹೆಂಗ ಬಗ್ಗೇತಿ."

ಗೌಂಡಿ ಒಮ್ಮೆ ಗೋಡೆಯನ್ನು, ಒಮ್ಮೆ ಅವಳನ್ನು ನೋಡಿದ. "ಅಮ್ಮಾರ, ಒಂದಸಲ ಕಣ್ಣ ತೋರಿಸ್ಕೊಳ್ರಿ," ಎಂದು ಗುಂಡನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಹೋದ.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಯಂತ್ರದಲ್ಲಿ ಮುಖ ಇಡಿಸಿ ಕಣ್ಣಿನ ಹಿಂದಿನ ಪರದೆಯ ಚಿತ್ರ ತೆಗೆದರು. ಎಡಗಣ್ಣಿನ ನಡುಭಾಗ ಹೋಗಿಬಿಟ್ಟಿದೆ, ಬಲಗಣ್ಣಿನದು ಶುರುವಾಗಿದೆ ಎಂದರು. "ಪೂರಾ ಕುರುಡ ಆಗೂದಿಲ್ರಿ. ಸುತ್ತಲಿಂದು ಕಾಣ್ತದ, ಮನ್ಯಾಗ ಅಡ್ಡಾಡಬಹುದು. ನೆಟ್ಟಗ ನೋಡಿದ್ದಷ್ಟ ಕಾಣೂದಿಲ್ಲ. ಓದೂದು, ಸೂಜಿ ಪೋಣಸೂದು, ಮಂದಿ ಮಾರಿ, ಇವು ಹೋಗ್ತಾವ."

"ರಿಪೇರಿ ಏನರ..." ಕುಮಾರಸ್ವಾಮಿಯವರ ಬಾಯಿಂದ ಅಭ್ಯಾಸಬಲದಿಂದ ಬಂದುಬಿಟ್ಟಿತು.

"ಈ ನಮೂನಿದಕ್ಕ ಇಲ್ರಿ. ಗುಳಿಗಿ ಕೊಡ್ತೇನಿ, ಇದ್ದಷ್ಟ ದಿನ ಇರಲಿ. ವರ್ಷ ಆಗಬಹುದು, ಆರ ತಿಂಗಳ ಆಗಬಹುದು."

ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ಅವಳ ಕೈಚೀಲವನ್ನೂ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಕೂತರು.  ರಿಪೇರಿ ಇಲ್ಲದ ವಸ್ತುವೊಂದು ಜಗತ್ತಿನಲ್ಲಿದೆ ಎಂಬುದನ್ನು ಆ ಮನುಷ್ಯ ಮೊದಲ ಸಲ ಕೇಳಿದ್ದರು.

ಧಾರವಾಡದ ಸಪ್ತಾಪುರದ ಆ ಮನೆಯಲ್ಲಿ ಐದು ಜನ. ಕುಮಾರಸ್ವಾಮಿಯವರ ತಾಯಿ ಶಿವಲಿಂಗವ್ವನಿಗೆ ಎಂಬತ್ತೆರಡು. ಇನ್ನೂ ತನ್ನ ಸೂಜಿಗೆ ತಾನೇ ದಾರ ಪೋಣಿಸುತ್ತಾಳೆ, ಅಕ್ಕಿಯಲ್ಲಿ ಸೊಸೆ ಬಿಟ್ಟ ಹರಳನ್ನು ಆಚೆ ಖೋಲಿಯಿಂದಲೇ ಕಾಣುತ್ತಾಳೆ. ಮಗ ಪ್ರಸಾದ ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸಗಾರ. ಅವನ ಹೆಂಡತಿ ಸೌಂದರ್ಯಾ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ, ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಐದೂವರೆಗೆ ಬರುತ್ತಾಳೆ. ದಾಕ್ಷಾಯಿಣಿಗೆ ಐವತ್ತಾರು. ಮೂವತ್ತನಾಲ್ಕು ವರ್ಷದಿಂದ ಆ ಮನೆಯ ರೊಟ್ಟಿ ಅವಳದೇ.

ಸುದ್ದಿ ಕೇಳಿ ಶಿವಲಿಂಗವ್ವ ಉಣ್ಣುವುದನ್ನು ನಿಲ್ಲಿಸಿದಳು. "ನನ್ನ ಕಣ್ಣ ತಗದ ಆಕಿಗೆ ಹಚ್ಚಾಕ ಬರೂದಿಲ್ಲೇನು? ನನಗಿನ್ನೇನ ನೋಡೂದೈತಿ."

"ಹಂಗ ಬರೂದಿಲ್ಲವ್ವಾ."

"ಮತ್ತ ಏನ ಕಲ್ತಾರ ಅವರು," ಎಂದು ಮುದುಕಿ ತಾಟು ಸರಿಸಿಬಿಟ್ಟಳು.

ಮೇ ತಿಂಗಳಲ್ಲಿ ಅಡುಗೆಮನೆಯ ಪಂಚಾಯಿತಿ ಶುರುವಾಯಿತು. ಹಂಚಿನ ನಡುವೆ ರೊಟ್ಟಿ ಕಾಣದೆ ದಾಕ್ಷಾಯಿಣಿ ಮಣಿಕಟ್ಟು ಸುಟ್ಟುಕೊಂಡಳು. ಬೇಳೆಗೆ ಎರಡು ಸಲ ಉಪ್ಪು ಬಿತ್ತು. ಮೂರನೆಯ ದಿನ ಪಲ್ಯದಲ್ಲಿ ಸ್ಟಿಕ್ಕರ್ ಸಮೇತ ಬದನೆಕಾಯಿಯ ತೊಟ್ಟು ಸಿಕ್ಕಿದ ಮೇಲೆ ಸೌಂದರ್ಯಾ ಉಂಡ ಕೈ ತೊಳೆದು ಬಂದು ಅತ್ತೆಯ ಮುಂದೆ ಕೂತಳು.

"ನಾಳಿಂದ ಯಂಕವ್ವ ಬರ್ತಾಳ್ರಿ ಅತ್ತಿ. ರೊಟ್ಟಿ, ಪಲ್ಯ ಎರಡೂ ಮಾಡಿ ಹೋಗ್ತಾಳ."

"ಹಂಗಾರ ನಾ ಏನ ಮಾಡ್ಲಿ?"

"ಕುಂದರ್ರಿ."

"ಕುಂದರೂದು ಕಲ್ತಿಲ್ಲವಾ ನಾನು."

ಶಿವಲಿಂಗವ್ವ ನಡುವೆ ಬಾಯಿ ಹಾಕಿದಳು. "ಯಂಕವ್ವನ ರೊಟ್ಟಿ ಕಟಕ್ ಇರ್ತಾವ. ನನ್ನ ಹಲ್ಲಿಗೆ ಆಗೂದಿಲ್ಲ."

"ಹಲ್ಲ ಎಲ್ಲಿ ಅದಾವಬೇ ಅಜ್ಜಿ," ಎಂದ ಪ್ರಸಾದ. ಯಾರೂ ನಗಲಿಲ್ಲ. ಯಂಕವ್ವ ಬಂದಳು, ರೊಟ್ಟಿ ನಿಜಕ್ಕೂ ಕಟಕ್ ಇದ್ದವು, ಆದರೂ ಎಲ್ಲರೂ ಉಂಡರು.

ಕೆಲಸವಿಲ್ಲದ ಕೈಗಳು ಎಷ್ಟು ಭಾರ ಎಂಬುದು ದಾಕ್ಷಾಯಿಣಿಗೆ ಆಗ ತಿಳಿಯಿತು. ಹತ್ತರಿಂದ ಹನ್ನೆರಡರವರೆಗೆ ಮನೆ ಭಣಭಣ. ಮಂದಿಯ ಮುಖ ಕಾಣದಾಗುತ್ತದೆ ಎಂದು ಡಾಕ್ಟರು ಹೇಳಿದ್ದು ತಲೆಯಲ್ಲಿ ಕೂತಿತ್ತು. ಗಂಡನ ಕಿವಿಯ ಹಿಂದಿನ ಮಚ್ಚೆ, ಮಗನ ಹುಬ್ಬಿನ ಗಾಯದ ಗುರುತು, ಅತ್ತೆಯ ಗದ್ದದ ಹಚ್ಚೆ, ಒಂದೊಂದನ್ನೇ ನೋಡಿ ನೋಡಿ ನೆನಪಿಗೆ ಹಾಕಿಕೊಳ್ಳುತ್ತಿದ್ದಳು. ಒಂದು ದಿನ ಕಪಾಟಿನ ಕನ್ನಡಿಯ ಮುಂದೆ ಹಾಯುವಾಗ ನಿಂತಳು. ಈ ಕನ್ನಡಿಯಲ್ಲಿ ಅವಳು ಬೈತಲೆ ನೋಡಿಕೊಂಡಿದ್ದಳು, ಕುಂಕುಮ ನೆಟ್ಟಗಿದೆಯೇ ನೋಡಿಕೊಂಡಿದ್ದಳು, ಸೆರಗು ನೋಡಿಕೊಂಡಿದ್ದಳು. ಮುಖವನ್ನು ಮುಖವೆಂದು ನೋಡಿದ ನೆನಪೇ ಇಲ್ಲ. ಎಲ್ಲರದನ್ನೂ ಕೂಡಿಡುತ್ತಿದ್ದೇನೆ, ನನ್ನದೇ ನನಗೆ ಗೊತ್ತಿಲ್ಲವಲ್ಲ ಎಂದು ಅವಳಿಗೆ ಹೊಳೆಯಿತು.

ಅವರ ಓಣಿಯ ತುದಿಗೆ ಚಿತ್ರಕಲೆಯ ತರಗತಿಯದೊಂದು ಹಲಗೆ ತೂಗುತ್ತಿತ್ತು. ಆ ರಾತ್ರಿ ಊಟದ ಹೊತ್ತಿಗೆ ಅವಳು ಹೇಳಿಬಿಟ್ಟಳು.

"ನಾ ಚಿತ್ರದ ಕ್ಲಾಸಿಗೆ ಹೋಗ್ತೇನಿ."

"ಕಣ್ಣಿಗೆ ತ್ರಾಸ ಆಗೂದಿಲ್ಲೇನ್ರಿ ಅತ್ತಿ?"

"ಬರದ್ರೂ ಹೋಗ್ತಾವ, ಸುಮ್ಮನ ಕುಂತ್ರೂ ಹೋಗ್ತಾವ. ಹೋಗೂದರಾಗ ನನ್ನ ಮಾರಿ ನಾ ಒಮ್ಮಿ ಬರದ ಇಡಬೇಕು. ಅಷ್ಟ."

"ಮಾರಿ ಗ್ವಾಡಿಗೆ ಹತ್ತೂದು ಸತ್ತವರದು," ಎಂದಳು ಶಿವಲಿಂಗವ್ವ. ಪಡಸಾಲೆಯ ಗೋಡೆಯ ಮೇಲೆ ಅವಳ ಗಂಡ ಮಹಾಂತಯ್ಯನವರು, ಅವರ ತಂದೆತಾಯಿ, ಚಿಕ್ಕ ವಯಸ್ಸಿನಲ್ಲೇ ಹೋದ ಒಬ್ಬ ಮೈದುನ ಸಾಲಾಗಿ ತೂಗಿದ್ದರು. ಉಸಿರಾಡುವವರ ಮುಖ ಆ ಗೋಡೆ ಹತ್ತಿದ್ದಿಲ್ಲ.

"ಆಕಿ ಮನಸಿಗೆ ಬಂದೈತಿ, ಹೋಗಲಿ ಬಿಡವ್ವಾ," ಎಂದರು ಕುಮಾರಸ್ವಾಮಿ. "ಬಣ್ಣ, ಬ್ರಶ್ ಎಲ್ಲಾ ನಾ ತರ್ತೇನಿ ಹುಬ್ಬಳ್ಳಿಯಿಂದ."

ಕಲಿಸುವವಳ ಹೆಸರು ಸಂಘಮಿತ್ರಾ. ಇಪ್ಪತ್ತೆಂಟರ ಹುಡುಗಿ, ಚಿತ್ರಕಲೆಯಲ್ಲಿ ಪದವಿ ಮಾಡಿ ಒಂದು ಬಾಡಿಗೆ ಪಡಸಾಲೆಯಲ್ಲಿ ಬುಧವಾರ, ರವಿವಾರ ಮುಂಜಾನೆ ಪಾಠ ಹೇಳುತ್ತಿದ್ದಳು. ಉಳಿದವರೆಲ್ಲ ಕಾಲೇಜಿನ ಹುಡುಗಿಯರು. ಅವರ ನಡುವೆ ದಾಕ್ಷಾಯಿಣಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗಳ ವಯಸ್ಸಿನ ಶಿಕ್ಷಕಿಯನ್ನು ಗೌರವದಿಂದ "ಬಾಯಾರ" ಎಂದು ಕರೆಯುತ್ತ, ಕೊಡ ಬರೆದಳು, ಬಾಳೆಹಣ್ಣು ಬರೆದಳು. ಮೂರು ವಾರದ ಮೇಲೆ ಸಂಘಮಿತ್ರಾ ಎಲ್ಲರಿಗೂ ಒಂದೊಂದು ಕ್ಯಾನ್ವಾಸು ಕೊಟ್ಟಳು. ಅವರವರ ಮುಖ ಅವರವರೇ ಕನ್ನಡಿ ನೋಡಿ ಬರೆಯಬೇಕು. ಗಣಪತಿ ಹಬ್ಬದ ಹಿಂದಿನ ರವಿವಾರ ಅಲ್ಲೇ ಪಡಸಾಲೆಯಲ್ಲಿ ಎಲ್ಲವನ್ನೂ ತೂಗುಹಾಕುವುದು, ಮನೆಯವರನ್ನೆಲ್ಲ ಕರೆಯುವುದು.

ಆ ಕ್ಯಾನ್ವಾಸು ಮನೆಗೆ ಬಂದು ಕಪಾಟಿಗೆ ಒರಗಿ ಹತ್ತು ದಿನ ಹಾಗೆಯೇ ಕೂತಿತು. ಅಷ್ಟು ಬಿಳಿ. ದಾಕ್ಷಾಯಿಣಿ ದಿನವೂ ಹತ್ತಕ್ಕೆ ಅದರ ಮುಂದೆ ಕೂರುವಳು, ಬ್ರಶ್ ತೊಯಿಸುವಳು, ಎದ್ದು ಹೋಗಿ ಯಂಕವ್ವ ತೊಳೆದಿಟ್ಟ ಪಾತ್ರೆಗಳನ್ನು ಮತ್ತೆ ತೊಳೆಯುವಳು. ಸಾವಿರಾರು ರಂಗೋಲಿ ಎಳೆದ ಕೈ ಒಂದು ಗೆರೆ ಎಳೆಯಲು ಒಲ್ಲೆನ್ನುತ್ತಿತ್ತು. ರಂಗೋಲಿ ಕೆಟ್ಟರೆ ಕಾಲಿಂದ ಒರೆಸಿಬಿಡಬಹುದು, ಮುಖ ಹಾಗಲ್ಲವಲ್ಲ.

"ಬಿಳೀದು ಅಂಜಸ್ತದ್ರಿ ಅಕ್ಕಾರ," ಎಂದಳು ಸಂಘಮಿತ್ರಾ. "ಮೊದಲ ಅದನ್ನ ಹೊಲಸ ಮಾಡಿಬಿಡ್ರಿ. ಯಾವದರ ಒಂದ ಬಣ್ಣ ತಿಕ್ರಿ."

ಮನೆಗೆ ಬಂದ ದಾಕ್ಷಾಯಿಣಿ ಬಣ್ಣ ಹಾಳುಮಾಡಲು ಮನಸ್ಸಾಗದೆ, ಆರಿಹೋದ ಚಹಾದಲ್ಲಿ ಅರಿವೆ ಅದ್ದಿ ತಿಕ್ಕಿದಳು. ಒಣಗಿದ ಮೇಲೆ ನೋಡಿದರೆ ಅದು ಅವಳ ಮೈಬಣ್ಣವೇ. ಅವತ್ತು ಅವಳಿಗೆ ಸ್ವಲ್ಪ ಧೈರ್ಯ ಬಂತು.

ಮೊದಲು ಬರೆದದ್ದು ಮುಖವಾಗಲಿಲ್ಲ, ಗೌರಿಯ ಗೊಂಬೆಯಾಯಿತು. ದುಂಡು ಕೆನ್ನೆ, ತಿದ್ದಿದ ಹುಬ್ಬು.

"ಇವರ್ಯಾರ್ರಿ ಅಕ್ಕಾರ?"

"ಗೊತ್ತಿಲ್ರಿ ಬಾಯಾರ."

"ಗೊತ್ತಿದ್ದದ್ದನ್ನ ಬರೀಬ್ಯಾಡ್ರಿ, ನೋಡಿದ್ದನ್ನ ಬರೀರಿ. ಕಣ್ಣಿಂದ ಸುರು ಮಾಡ್ರಿ. ಕಣ್ಣ ಕುಂತ್ರ ಉಳದದ್ದು ತಾನ ಬರ್ತದ. ಅದೂ ಅಲ್ದ, ನಿಮಗ..." ಹುಡುಗಿ ಮಾತು ನುಂಗಿದಳು. "ನಿಮಗ ಕಣ್ಣ ಮೊದಲ ಮುಗದ್ರ ಛಲೋರಿ."

ದಾಕ್ಷಾಯಿಣಿ ಹೂಂ ಎಂದಳು, ಆದರೆ ಮಾಡಲಿಲ್ಲ. ಅವಳ ತವರು ಓಣಿಯಲ್ಲಿ ಒಂದು ಗಣಪತಿ ಮಾಡುವವರ ಮನೆ ಇತ್ತು. ತಿಂಗಳುಗಟ್ಟಲೆ ಸೊಂಡಿಲು, ಹೊಟ್ಟೆ, ಪೀತಾಂಬರ ಎಲ್ಲ ಆಗುತ್ತಿತ್ತು. ಕಣ್ಣು ಮಾತ್ರ ಹಬ್ಬದ ಮುಂಜಾನೆ. ಮನೆಯ ಹಿರಿಯ ಸ್ನಾನ ಮಾಡಿ, ಬಾಯಿಗೆ ಅರಿವೆ ಕಟ್ಟಿಕೊಂಡು, ಉಸಿರು ಹಿಡಿದು ಕಣ್ಣು ಬರೆಯುತ್ತಿದ್ದ. ಕಣ್ಣು ಬರೆಯುವ ತನಕ ಅದು ಮಣ್ಣು, ಕೆಟ್ಟರೆ ಮುರಿದು ಮತ್ತೆ ಮಾಡಬಹುದು. ಬರೆದ ಮೇಲೆ ಕೈ ಹಚ್ಚುವ ಹಾಗಿಲ್ಲ. ಚಿಕ್ಕವಳಿದ್ದಾಗ ಬಾಗಿಲಲ್ಲಿ ನಿಂತು ಕಂಡ ಆ ಪದ್ಧತಿಯನ್ನೇ ಅವಳು ಈಗ ಹಿಡಿದುಕೊಂಡಳು. ಪದ್ಧತಿ ಎಂದು ಅವಳು ಅಂದುಕೊಂಡಳು, ಖರೆ ಹೇಳಬೇಕೆಂದರೆ ಅದು ಅಂಜಿಕೆ. ಕಣ್ಣು ಕೆಟ್ಟರೆ ಎಲ್ಲವೂ ಕೆಟ್ಟಿತು ಎಂಬ ಅಂಜಿಕೆ. ಜೂನ್ ತಿಂಗಳಲ್ಲಿ ಬಲಗಣ್ಣಿಗೆ ಕನ್ನಡಿಯೊಳಗಿನ ಎರಡೂ ಕಣ್ಣು ಕಾಣುತ್ತಿದ್ದವು, ರೆಪ್ಪೆಯ ಕೂದಲೂ ಕಾಣುತ್ತಿದ್ದವು. ಅವಳು ಕಿವಿ ಬರೆಯುತ್ತ ಕೂತಳು.

ಕಿವಿಗೆ ನಾಲ್ಕು ದಿನ ಹಿಡಿಯಿತು, ಮೂಗಿಗೆ ಒಂದು ವಾರ. ಶಿವಲಿಂಗವ್ವ ಹಿಂದಿನ ಮಂಚದ ಮೇಲೆ ಕೂತು ಹತ್ತಿ ಹೊಸೆಯುತ್ತ ತಪ್ಪು ಹೇಳುವ ಕೆಲಸ ಹಚ್ಚಿಕೊಂಡಳು. ಗೋಡೆಯ ಮಾತು ಮರೆತೇಬಿಟ್ಟಿದ್ದಳು.

"ನಿನ್ನ ಮೂಗು ಅಷ್ಟ ದಪ್ಪಿಲ್ಲ."

"ಕನ್ನಡ್ಯಾಗ ಹಂಗ ಕಾಣ್ತೈತ್ರಿ ಅತ್ತಿ."

"ಕನ್ನಡಿಗೇನ ಗೊತ್ತು. ಮೂವತ್ನಾಕ ವರ್ಷ ನೋಡಾಕತ್ತಾಕಿ ನಾನು. ಅದಿರಲಿ, ಹಣಿ ಬೋಳ ಯಾಕ ಬಿಟ್ಟಿ? ಈಬತ್ತಿ ಎಲ್ಲಿ?"

ದಾಕ್ಷಾಯಿಣಿ ಬ್ರಶ್ ಕೆಳಗಿಟ್ಟಳು. ಮೂರು ಬೆರಳನ್ನು ಬಿಳಿ ಬಣ್ಣದಲ್ಲಿ ಅದ್ದಿ, ದಿನವೂ ಮುಂಜಾನೆ ತನ್ನ ಹಣೆಗೆ ಹಚ್ಚಿಕೊಳ್ಳುವ ಹಾಗೆಯೇ ಕ್ಯಾನ್ವಾಸಿನ ಹಣೆಗೆ ಅಡ್ಡ ಎಳೆದಳು. ಅಂಜದೆ ಹಾಕಿದ ಮೊದಲ ಗೆರೆ ಅದು. ಮುದುಕಿ ಕೊರಳು ಮುಂದೆ ಚಾಚಿ ನೋಡಿ, "ಈಗ ನಮ್ಮ ಮನಿ ಹೆಣಮಗಳಂಗ ಕಾಣ್ತಿ," ಎಂದಳು. ಆ ಸಂಜೆ ಅತ್ತೆ ಸೊಸೆ ಕೂಡಿ ಮಂಡಾಳ ಒಗ್ಗರಣೆ ಹಾಕಿಕೊಂಡು ತಿಂದರು.

ಜುಲೈ ಮುಗಿಯುವ ಹೊತ್ತಿಗೆ ಹುಬ್ಬಿನಿಂದ ಮೂಗಿನ ನಡುವಿನ ತನಕ ಒಂದು ಪಟ್ಟಿ ಬಿಟ್ಟು ಉಳಿದದ್ದೆಲ್ಲ ಆಗಿತ್ತು. ಇಳಿದ ಗಲ್ಲ, ಬಾಯಿಯ ಎರಡೂ ಬದಿಯ ಗೆರೆ, ಕಿವಿಯ ಹಿಂದೆ ಸಿಕ್ಕಿಸಿದ ಬಿಳಿಕೂದಲು, ಇಳಕಲ್ ಸೀರೆಯ ಕೆಂಪು ಅಂಚು. ಸಂಘಮಿತ್ರಾ ಎರಡು ಸಲ ನೆನಪು ಮಾಡಿದಳು. ಶ್ರಾವಣ ಬರಲಿ ಎಂದಳು ದಾಕ್ಷಾಯಿಣಿ. ಶ್ರಾವಣ ಬಂತು, ಸೋಮವಾರಗಳೆಲ್ಲ ಪೂಜೆ, ಕರಿಗಡಬು, ಬಂದುಹೋಗುವವರು. ಶುಕ್ರವಾರ ಮಾಡಿದರಾಯಿತು ಎಂದಳು.

ಆ ಶುಕ್ರವಾರವೇ ಗದ್ದಲವಾಯಿತು. ಮಧ್ಯಾಹ್ನ ಶಿವಲಿಂಗವ್ವ ಅಡುಗೆಮನೆಯ ಕಟ್ಟೆಯ ಮೇಲಿನ ಲೋಟ ಎತ್ತಿ ಬಾಯಿಗೆ ಹಿಡಿದಿದ್ದಳು. ಬಿಳಿ ಬಣ್ಣದ ಬ್ರಶ್ ತೊಳೆದ ನೀರು. ರಜೆ ಹಾಕಿ ಮನೆಯಲ್ಲಿದ್ದ ಸೌಂದರ್ಯಾ ಓಡಿಬಂದು ಕಸಿದುಕೊಂಡಳು.

"ಅಜ್ಜಿ ಮಜ್ಜಿಗಿ ಅಂತ ಕುಡೀತಿದ್ರು. ನೀವ ಇಲ್ಲೆ ಇಟ್ಟೀರಿ ಅತ್ತಿ."

"ನಾ ಬಚ್ಚಲ ಕಟ್ಟಿ ಮ್ಯಾಲ ಇಟ್ಟಿದ್ದೆ."

"ಇದು ಬಚ್ಚಲೇನ್ರಿ?"

ದಾಕ್ಷಾಯಿಣಿ ಕಟ್ಟೆಯ ಅಂಚನ್ನು ಕೈಯಿಂದ ತಡವಿ ನೋಡಿದಳು.

"ಸಾಕ ಮಾಡ್ರಿ ಇನ್ನ. ಎಲ್ಲಾ ಸಾಮಾನ ಎತ್ತಿ ಇಡ್ತೇನಿ ನಾ."

"ಕಣ್ಣಷ್ಟ ಉಳದಾವ."

"ತಿಂಗಳಿಂದ ಕಣ್ಣಷ್ಟ ಉಳದಾವ ಅನ್ನಾಕತ್ತೀರಿ. ನನಗ ಕ್ಲಾಸಿನ್ಯಾಗ ಪಾಠ ಮಾಡೂಮುಂದ ಮನೀದ ಚಿಂತಿ. ಇವತ್ತ ಏನ ಸುಟಗೊಂಡ್ರೋ, ಎಲ್ಲಿ ಬಿದ್ರೋ ಅಂತ. ನಾ ಅಂಜತೇನ್ರಿ ಅತ್ತಿ."  ಆಮೇಲೆ ಸೌಂದರ್ಯಾ ತಾನೇ ಬಣ್ಣದ ಡಬ್ಬಿಗಳನ್ನು ಸಾಲಾಗಿ ಜೋಡಿಸಿ, ಒಂದೊಂದರ ಮೇಲೂ ದಪ್ಪ ಅಕ್ಷರದಲ್ಲಿ ಬಣ್ಣದ ಹೆಸರು ಬರೆದಿಟ್ಟಳು. ಬೈದ ಬಾಯಿಯೂ ಅದೇ, ಬರೆದ ಕೈಯೂ ಅದೇ.

ಮರುದಿನ ದಾಕ್ಷಾಯಿಣಿ ತಲೆಯ ಮೇಲೆ ನೀರು ಹಾಕಿಕೊಂಡು, ಲಿಂಗಪೂಜೆ ಮುಗಿಸಿ, ಕಣ್ಣು ಬರೆಯಲು ಕೂತಳು. ಕನ್ನಡಿಯನ್ನು ನೆಟ್ಟಗೆ ನೋಡಿದಳು. ಕಣ್ಣುಗಳಿರಲಿಲ್ಲ. ಹುಬ್ಬು ಇತ್ತು, ಮೂಗಿನ ತುದಿ ಇತ್ತು, ಕಿವಿ, ಕೂದಲು, ಸೆರಗು ಎಲ್ಲ ಇದ್ದವು; ನಡುವೆ ಬೂದಿಯಂಥದ್ದೊಂದು ಕೂತಿತ್ತು. ಕನ್ನಡಿ ಒರೆಸಿದಳು. ಕುರ್ಚಿ ಸರಿಸಿದಳು. ಕಿವಿಯ ಕಡೆ ನೋಡಿದರೆ ಕಣ್ಣು ಬದಿಯಲ್ಲಿ ಮಸುಕಾಗಿ ಬರುತ್ತಿತ್ತು, ಹಿಡಿಯಲು ತಿರುಗಿದರೆ ಬೆಕ್ಕಿನ ಹಾಗೆ ಸರಿದು ಹೋಗುತ್ತಿತ್ತು. ಹನ್ನೆರಡರ ತನಕ ಹೀಗೆಯೇ ಮಾಡಿದಳು. ಆಮೇಲೆ ಬ್ರಶ್ ಇಟ್ಟು ಅತ್ತಳು. ಜೂನಿನಲ್ಲಿ ಕಂಡಿದ್ದವಲ್ಲ, ಕಿವಿ ಓಡಿಹೋಗುತ್ತಿತ್ತೇನು, ಎಂಥಾ ಹೇಡಿ ನಾನು ಎಂದು ತನ್ನನ್ನು ತಾನೇ ಬೈದುಕೊಂಡಳು. 

ರವಿವಾರ ಸಂಘಮಿತ್ರಾಗೆ ಹೇಳಿದಳು. ಹುಡುಗಿ ಕುರ್ಚಿ ಹತ್ತಿರ ಎಳೆದುಕೊಂಡು, "ಫೋಟೋ ಇಟ್ಟುಕೊಂಡು ನಾ ಹೇಳ್ತೇನಿ, ನೀವು ಬರೀರಿ," ಎಂದಳು.

"ಬ್ಯಾಡ್ರಿ ಬಾಯಾರ. ನೋಡಿದ್ದನ್ನ ಬರೀರಿ ಅಂತ ಹೇಳಿದವರು ನೀವು."

"ಹೌದ್ರಿ."

"ನನಗ ಕಾಣೂದನ್ನ ಬರದ್ರ?"

ಸಂಘಮಿತ್ರಾ ಅವಳ ಕಡೆ ನೋಡಿದಳು, ಕ್ಯಾನ್ವಾಸ್ ಕಡೆ ನೋಡಿದಳು. "ಬರೀರಿ," ಎಂದಳು. "ಅದನ್ನ ನೀವಷ್ಟ ಬರೀಲಿಕ್ಕೆ ಆಗೂದು."

ನಾಲ್ಕು ದಿನ ಅವಳು ಆ ಬೂದಿಯನ್ನು ನೋಡಿದಳು. ನೋಡುತ್ತ ಹೋದಂತೆ ಅದು ಬರೀ ಬೂದಿಯಲ್ಲ. ಅಂಚಿನಲ್ಲಿ ಚಹಾದ ಬಣ್ಣ, ನಡುವೆ ಮಾಸಿದ ಹಳದಿ, ಒಂದು ಮೂಲೆಯಲ್ಲಿ ಸೀರೆಯ ಕೆಂಪಿನ ನೆರಳು. ಬ್ರಶ್ಶಿನ ತುದಿ ಕಾಣದಾದಾಗ ಬೆರಳಿನಿಂದ ಹಚ್ಚಿದಳು, ಅರಿವೆಯಿಂದ ಒತ್ತಿದಳು.  ಬುಧವಾರ ಮಧ್ಯಾಹ್ನ ಕೈ ತಾನಾಗಿ ನಿಂತಿತು. ಮುಗಿದಿದೆ ಎಂದು ಅವಳಿಗೆ ಗೊತ್ತಾಯಿತು. ಮೂವತ್ತನಾಲ್ಕು ವರ್ಷ ಅವಳು ಮುಗಿಸಿದ ಕೆಲಸವೆಲ್ಲ ಸಂಜೆಗೆ ಯಾರದೋ ಹೊಟ್ಟೆ ಸೇರುತ್ತಿತ್ತು, ಇಲ್ಲವೆ ಮರುದಿನ ಮತ್ತೆ ಮೈಲಿಗೆಯಾಗುತ್ತಿತ್ತು. ಇದು ಉಳಿಯುವಂಥದ್ದು. ಅವಳಿಗೆ ಸಂತೋಷವಾಯಿತು, ಬಹಳ ಸಂತೋಷವಾಯಿತು.

ಶಿವಲಿಂಗವ್ವ ಮಂಚದಿಂದ ಇಳಿದು ಬಂದು ಚಿತ್ರದ ಮುಂದೆ ನಿಂತಳು. ಈ ಸಲ ತಪ್ಪು ಹೇಳಲಿಲ್ಲ.

"ಇಷ್ಟ ದೊಡ್ಡದೈತೇನು ಅದು?"

"ಹೂಂ ರೀ."

"ನಾ ಒಂದ ಚುಕ್ಕಿಯಷ್ಟ ಅಂತ ತಿಳದಿದ್ದೆ," ಎಂದು ಮುದುಕಿ ಸೊಸೆಯ ಬಣ್ಣ ಮೆತ್ತಿದ ಬೆರಳುಗಳನ್ನು ತನ್ನ ಸೆರಗಿನಲ್ಲಿ ಒಂದೊಂದಾಗಿ ಒರೆಸಿದಳು.

ಗುರುವಾರ ದಾಕ್ಷಾಯಿಣಿ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಗಂಡನ ಕೈಗೆ ಕೊಟ್ಟಳು. "ಮುಗಿದೈತ್ರಿ. ಒಂದ ಚೌಕಟ್ಟ ಹಾಕಿಸ್ಕೊಂಡ ಬರ್ರಿ. ಐತಾರಕ್ಕ ಬೇಕು."

"ನೋಡಬಾರದೇನು ನಾ?"

"ಐತಾರ ಎಲ್ಲಾರ ಕೂಡ ನೋಡೀರಂತ."

ಕುಮಾರಸ್ವಾಮಿಯವರು ಮಗುವನ್ನು ಎತ್ತಿಕೊಂಡ ಹಾಗೆ ಅದನ್ನು ಎದೆಗೆ ಹಿಡಿದುಕೊಂಡು ಬಸ್ಸು ಹತ್ತಿದರು. ಏಪ್ರಿಲ್‌ನಿಂದ ಆ ಮನುಷ್ಯನಿಗೆ, ಬಣ್ಣ ತರುವುದು ಬಿಟ್ಟರೆ, ಹೆಂಡತಿಗಾಗಿ ಮಾಡಲು ಒಂದು ಕೆಲಸ ಸಿಕ್ಕಿದ್ದು ಅದೇ ಮೊದಲು. ಮಧ್ಯಾಹ್ನ ಒಮ್ಮೆ ಗಡಿಬಿಡಿಯಲ್ಲಿ ಮನೆಗೆ ಬಂದು, ಟ್ರಂಕಿನಲ್ಲಿ ಏನನ್ನೋ ಹುಡುಕಿ ತೆಗೆದುಕೊಂಡು ಮತ್ತೆ ಹೋದರು. ಯಾರೂ ಕೇಳಲಿಲ್ಲ.

ಶನಿವಾರ ಸಂಜೆ ಎಲ್ಲರನ್ನೂ ಪಡಸಾಲೆಗೆ ಕರೆದು ಕುರ್ಚಿಯ ಮೇಲೆ ಇಟ್ಟು ಸೀರೆ ಬಿಚ್ಚಿದರು. ತೇಗದ ಚೌಕಟ್ಟು, ಒಳಗೆ ಸಣ್ಣ ಬಂಗಾರದ ಅಂಚು.

"ಅವ್ವಾ, ಎಷ್ಟ ಚಂದ ಬರದಿ," ಎಂದ ಪ್ರಸಾದ.

"ಕಣ್ಣ ನೋಡ್ರಿ," ಎಂದಳು ಸೌಂದರ್ಯಾ. "ನಮ್ಮನ್ನ ನೋಡಿದಂಗ ಅದಾವ. ನಾ ಸುಮ್ಮನ ಬೈದೆ ನಿಮಗ ಅವತ್ತ."

"ಯಾವ ಕಣ್ಣು?" ಎಂದಳು ದಾಕ್ಷಾಯಿಣಿ.

ಹತ್ತಿರ ಹೋಗಿ ತಲೆ ಓರೆ ಮಾಡಿದಳು. ದೊಡ್ಡವು, ಬೆಳ್ಳಗೆ, ಹೊಳೆಯುವ ಎರಡು ಕಣ್ಣು. ಬೆರಳು ಇಟ್ಟಳು. ಅವಳ ಬಣ್ಣ ಒರಟು, ಇದು ನುಣುಪು, ಇನ್ನೂ ತುಸು ಅಂಟು. 

"ಯಾರ ಕಣ್ರಿ ಇವು?"

"ನಿನ್ನವ ಅದಾವ," ಎಂದರು ಕುಮಾರಸ್ವಾಮಿ. "ನಮ್ಮ ಮದುವಿ ಫೋಟೋದಾಗಿನ ಕಣ್ಣು. ಅಂಗಡ್ಯಾಗ ಬಿಚ್ಚಿದೆ, ನಡುವ ಬರೇ ಬೂದಿ ಬಳದಂಗಿತ್ತು. ಪಾಪ, ಕಣ್ಣ ಬರ್ಯೂದು ಉಳದೈತಿ, ಆಕಿಗೆ ಕಂಡಿಲ್ಲ, ಮುಗೀತು ಅಂತ ತಿಳದಾಳ ಅಂತ ನನ್ನ ಕರಳ ಚುರ್ ಅಂತು. ನಾಳೆ ನಾಕ ಮಂದಿ ಮುಂದ ನಿನಗ ಅವಮಾನ ಆಗಬಾರದಲ್ಲ. ಚೌಕಟ್ಟ ಹಾಕೋ ಅರಫಾತ ಮೊದಲ ಬೋರ್ಡ್ ಬರೀತಿದ್ದಾಂವ, ಭಾರಿ ಕೈ ಅವಂದು. ಆಂವ ಒಲ್ಲೆ ಅಂದ. ಇದು ಹಿಂಗ ಇರಬೇಕೇನೋ ಸಾಹೇಬ್ರ, ಅಮ್ಮಾರನ್ನ ಒಂದ ಮಾತ ಕೇಳ್ರಿ ಅಂದ. ನಾನ ಒತ್ತಾಯ ಮಾಡಿದೆ."

"ಅದು ಮುಗಿದಿತ್ರಿ."

"ಕಣ್ಣ ಇರಲಿಲ್ಲ ದಾಕ್ಷಾಯಿಣಿ."

"ಇರಲಿಲ್ರಿ. ನನಗ ಅಲ್ಲಿ ಏನೂ ಕಾಣೂದಿಲ್ಲ. ಕಾಣದ್ದನ್ನ ಕಂಡಂಗ ಬರದಿದ್ದೆ. ಮುಗಿಸಿದ್ದೆ."

ಗಂಡನ ಮುಖದ ಮೇಲೆ ಏನು ಹಾಯಿತೋ ಅವಳಿಗೆ ತಿಳಿಯಲಿಲ್ಲ. ನೆಟ್ಟಗೆ ನೋಡಿದರೆ ಅಲ್ಲೂ ಅದೇ ಬೂದಿ. ಅವರು ಬಾಕಿನ ಮೇಲೆ ಕೂತ ಸಪ್ಪಳ ಮಾತ್ರ ಕೇಳಿಸಿತು.

"ಕೆಡಿಸಿದೆನೇನು ನಾ?"

"ಕೆಡಿಸಿದ್ರಿ," ಎಂದಳು. ಮೂವತ್ತನಾಲ್ಕು ವರ್ಷದಲ್ಲಿ ಅವಳು ಅವರಿಗೆ ಹಾಗೆ ಅಂದದ್ದಿಲ್ಲ.

"ನನ್ನ ಕೇಳಬೇಕಿಲ್ಲೋ ಖೋಡಿ," ಎಂದಳು ಶಿವಲಿಂಗವ್ವ ಮಗನಿಗೆ. "ನಾ ನೋಡಿದ್ದೆ ಅದನ್ನ."

ಆ ರಾತ್ರಿ ಯಂಕವ್ವ ಮಾಡಿಟ್ಟ ರೊಟ್ಟಿ ಬುಟ್ಟಿಯಲ್ಲಿ ಹಾಗೆಯೇ ಉಳಿದವು.

ರವಿವಾರ ಮುಂಜಾನೆ ಬೇಗ ಹೋಗಿ ಸಂಘಮಿತ್ರಾಗೆ ತೋರಿಸಿದಳು. ಹುಡುಗಿ ಉಗುರಿನಿಂದ ಒಂದು ಅಂಚು ಮೆಲ್ಲಗೆ ಕೆರೆದು ನಿಲ್ಲಿಸಿದಳು. "ಮ್ಯಾಲಿಂದು ಎಣ್ಣಿ ಬಣ್ಣ. ತಗದ್ರ ಕೆಳಗಿಂದೂ ಕೂಡೇ ಬರ್ತದ್ರಿ ಅಕ್ಕಾರ." ಹೊಸ ಕ್ಯಾನ್ವಾಸು ಕೊಟ್ಟಳು, ಇನ್ನೊಂದು ಬರೆಯಿರಿ ಎಂದಳು. ಚಿತ್ರ ಹಾಗೆಯೇ ಗೋಡೆಗೆ ಹತ್ತಿತು, ಬಂದವರೆಲ್ಲ ಅದರ ಮುಂದೆಯೇ ಹೆಚ್ಚು ಹೊತ್ತು ನಿಂತರು. ಎಂಥಾ ಕಣ್ಣು, ಆಂಟಿ, ಎಷ್ಟು ಜೀವ ಇದೆ ಎಂದರು ಕಾಲೇಜಿನ ಹುಡುಗಿಯರು. ಐವತ್ತಾರರ ಮುಖದಲ್ಲಿ ಇಪ್ಪತ್ತೆರಡರ ಕಣ್ಣು ಯಾರಿಗೂ ವಿಚಿತ್ರವೆನಿಸಲಿಲ್ಲ. ಕುಮಾರಸ್ವಾಮಿಯವರು ಬಾಗಿಲ ಹೊರಗೆ ಚಪ್ಪಲಿಗಳ ಹತ್ತಿರ ನಿಂತುಬಿಟ್ಟರು, ಒಳಗೆ ಬರಲಿಲ್ಲ.

ಹೊಸ ಕ್ಯಾನ್ವಾಸಿಗೆ ದಾಕ್ಷಾಯಿಣಿ ಚಹಾ ತಿಕ್ಕಿದಳು. ಕಿವಿ ಬರೆದಳು. "ಕಿವಿ ಗಲ್ಲದ ಮ್ಯಾಲ ಬಂದೈತವಾ," ಎಂದಳು ಶಿವಲಿಂಗವ್ವ, ತಪ್ಪು ಹೇಳುವ ದನಿಯಲ್ಲಿ ಅಲ್ಲ. ಎರಡು ವಾರ ಹೆಣಗಿದಳು. ಬ್ರಶ್ಶಿನ ತುದಿ ಎಲ್ಲಿ ಮುಟ್ಟುತ್ತಿದೆ ಎಂಬುದೇ ಸಿಗಲಿಲ್ಲ. ಮೂರನೆಯ ವಾರ ಸೌಂದರ್ಯಾ ಬಣ್ಣದ ಡಬ್ಬಿಗಳನ್ನು ಸಂಘಮಿತ್ರಾಳ ಮನೆಗೆ ಮುಟ್ಟಿಸಿ ಬಂದಳು.

ಚಿತ್ರವನ್ನು ಏನು ಮಾಡುವುದೆಂದು ಯಾರೂ ಬಾಯಿ ಬಿಡಲಿಲ್ಲ. ಕಡೆಗೆ ದಾಕ್ಷಾಯಿಣಿಯೇ, "ಮಾವನವರ ಬಾಜೂಕ ಹಾಕ್ರಿ," ಎಂದಳು. ಕುಮಾರಸ್ವಾಮಿಯವರು ತಾಯಿ, ಹೆಂಡತಿ ಇಬ್ಬರ ಮುಖವನ್ನೂ ನೋಡಿದರು. ಶಿವಲಿಂಗವ್ವ ಬೇಡವೆನ್ನಲಿಲ್ಲ. ಅವರು ಮೊಳೆ ಹೊಡೆದರು.

ಎಲ್ಲರೂ ಹೋದ ಮೇಲೆ ದಾಕ್ಷಾಯಿಣಿ ಅದರ ಮುಂದೆ ನಿಂತು ಆ ಕಣ್ಣುಗಳನ್ನೇ ನೆಟ್ಟಗೆ ನೋಡಿದಳು. ನೋಡಿದ ಕೂಡಲೇ ಅವಳ ಬೂದಿ ಹೋಗಿ ಅವುಗಳ ಮೇಲೆ ಕೂತಿತು. ಹುಬ್ಬು, ಈಬತ್ತಿ, ಗಲ್ಲ, ಕೆಂಪು ಅಂಚು, ನಡುವೆ ಏನೂ ಇಲ್ಲ. ಅವಳು ಬುಧವಾರ ಮಧ್ಯಾಹ್ನ ಮುಗಿಸಿದ ಚಿತ್ರವೇ. ದಿನವೂ ಚಹಾ ಕುಡಿದು ಒಂದು ಗಳಿಗೆ ಬಂದು ನಿಲ್ಲುವುದು ರೂಢಿಯಾಯಿತು. ಒಂದು ದಿನ ಹಿಂದೆ ಬಂದು ನಿಂತ ಗಂಡನಿಗೆ, "ನನಗ ನಾ ಬರದಂಗ ಕಾಣ್ತೈತ್ರಿ," ಎಂದಳು. ತನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೆಂದು ಅವರು ತಿಳಿದರು. ಅದು ಖರೇ ಮಾತು ಎಂದು ಅವಳು ಬಿಡಿಸಿ ಹೇಳಲಿಲ್ಲ.

ದಸರೆಗೆ ಆ ಬೂದಿ ಮೂಗಿನ ಕೆಳಗೆ ಇಳಿದು ಬಾಯಿ ತಿಂದಿತು. ದೀಪಾವಳಿಗೆ ಮೂರು ಬೆರಳಿನ ಈಬತ್ತಿಯೂ ಹೋಯಿತು, ಗಲ್ಲ ಹೋಯಿತು, ನಾಲ್ಕು ದಿನ ಹಿಡಿದ ಕಿವಿ ಹೋಯಿತು. ಈಗಲೂ ಅವಳು ಚಹಾ ಕುಡಿದು ಬಂದು ಅಲ್ಲಿ ನಿಲ್ಲುತ್ತಾಳೆ. ಅವಳಿಗೆ ಕಾಣುವುದು ಸುತ್ತಲಿನ ತೇಗದ ಚೌಕಟ್ಟು ಮಾತ್ರ. ಅದಕ್ಕೆ ಕುಮಾರಸ್ವಾಮಿಯವರು ವಾರಕ್ಕೊಮ್ಮೆ ಎಣ್ಣೆ ಹಚ್ಚಿ ಒರೆಸಿ, ಹೊಸತರಂತೆ ಇಟ್ಟಿದ್ದಾರೆ.